ಗಿಣ್ಣದ ಹಾಲು: ಕಸ ಬೀಳುವವರೆಗೆ ಕರು ಕಾಯಬೇಕೇ?

ರಾತ್ರಿ ಹನ್ನೊಂದರ ಮೇಲೆ ನನಗೆ ಫೋನ್ ಬಂದರೆ ಸಾಮಾನ್ಯವಾಗಿ ಎರಡೇ ವಿಷಯ. ಒಂದು ಹೊಟ್ಟೆಯುಬ್ಬರ, ಇನ್ನೊಂದು ಕರು ಹಾಕಿದ ಹಸು. ಎರಡನೆಯದಾದರೆ ಮಾತು ಹೀಗೆ ಶುರುವಾಗುತ್ತದೆ: "ಸಾರ್, ಹಸು ಕರು ಹಾಕ್ತು. ಹೆಣ್ಗರು. ಇನ್ನೂ ಕಸ ಬಿದ್ದಿಲ್ಲ, ಅಲ್ಲೀವರೆಗೂ ಹಾಲು ಬಿಡಬೇಡ ಅಂತಾರೆ ಮನೇಲಿ. ಬೆಳಿಗ್ಗೆ ಕುಡಿಸಿದ್ರೆ ಆಗುತ್ತಾ?"

ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದನ್ನು ಫೋನಿನಲ್ಲಿ ಅರ್ಧರಾತ್ರಿ ಬಿಡಿಸಿ ಹೇಳಲಾಗುವುದಿಲ್ಲ. "ಈಗಲೇ ಕುಡಿಸಿ" ಎಂದಷ್ಟೇ ಹೇಳಿ ಇಡುತ್ತೇನೆ. ಕಾರಣ ಗೊತ್ತಿಲ್ಲದ ಸಲಹೆಯನ್ನು ಜನ ಮುಂದಿನ ಸಲ ಮರೆಯುತ್ತಾರೆ. ಅದಕ್ಕೇ ಈ ವಾರ ಕಾರಣವನ್ನು ಬರೆಯುತ್ತಿದ್ದೇನೆ. ಕಾರಣ ಇರುವುದು ಕರುವಿನ ಸಣ್ಣ ಕರುಳಿನ ಕೋಶಗಳಲ್ಲಿ, ಮತ್ತು ಗಿಣ್ಣದ ಹಾಲಿನಲ್ಲಿರುವ ಒಂದು ಪ್ರೋಟೀನಿನಲ್ಲಿ.

ಒಂದು ಹಳೆಯ ತಪ್ಪು

ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ ಎಚ್.ಎಫ್. ಮಿಶ್ರತಳಿ ಹಸುವಿಗೆ ಹೆರಿಗೆ ಕಷ್ಟವಾಗಿತ್ತು. ಕರುವಿನ ಒಂದು ಮುಂಗಾಲು ಮಡಚಿಕೊಂಡಿತ್ತು. ಸರಿಪಡಿಸಿ ಎಳೆದು ತೆಗೆಯುವ ಹೊತ್ತಿಗೆ ಸಂಜೆ ಏಳು ಗಂಟೆ. ಕರು ಗಟ್ಟಿಮುಟ್ಟಾಗಿತ್ತು. ಹಸುವಿಗೆ ಕೊಡಬೇಕಾದ್ದು ಕೊಟ್ಟು, ಕೈ ತೊಳೆದು ಹೊರಟೆ. ಕರುವಿಗೆ ಹಾಲು ಕುಡಿಸಿ ಎಂದು ಹೇಳಲಿಲ್ಲ. ಹಸು ಸಾಕುವವರಿಗೆ ಅದನ್ನು ಹೇಳುವುದೇನಿದೆ ಅಂದುಕೊಂಡಿದ್ದೆ.

ಮೂರನೇ ದಿನ ಬೆಳಿಗ್ಗೆ ಮತ್ತೆ ಕರೆ ಬಂತು. ಕರು ಬೆಳ್ಳಗೆ ನೀರಿನಂತೆ ಭೇದಿ ಮಾಡುತ್ತಿತ್ತು. ಕಣ್ಣು ಗುಳಿ ಬಿದ್ದಿದ್ದವು. ಬಾಯಿಗೆ ಬೆರಳಿಟ್ಟರೆ ಒಳಗೆ ತಣ್ಣಗಿತ್ತು, ಬೆರಳು ಚೀಪುವ ಶಕ್ತಿಯೂ ಇರಲಿಲ್ಲ. ಡ್ರಿಪ್ ಹಾಕಿ ಕೂತಿದ್ದಾಗ ಮನೆಯ ಅಜ್ಜಿ ತಟ್ಟೆಯಲ್ಲಿ ಗಿಣ್ಣು ತಂದಿಟ್ಟರು. "ತಿನ್ನಿ ಡಾಕ್ಟ್ರೇ, ನೀವೇ ಉಳಿಸಿಕೊಟ್ಟ ಹಸೂದು" ಅಂದರು.

"ಕರುವಿಗೆ ಮೊದಲ ಹಾಲು ಯಾವಾಗ ಬಿಟ್ರಿ ಅಜ್ಜಿ?" ಎಂದು ಕೇಳಿದೆ.

"ಕಸ ಬೀಳೋ ಹೊತ್ಗೆ ಬೆಳಗಿನ ಜಾವ ಆಗಿತ್ತಪ್ಪ. ಆಮೇಲೆ ಒಂದೆರಡು ಲೋಟ ಕುಡಿಸಿದ್ವಿ. ಎಳೇ ಹೊಟ್ಟೆ, ಜಾಸ್ತಿ ಆದ್ರೆ ಉಚ್ಕೊಳ್ಳುತ್ತೆ ಅಂತ ಅಷ್ಟಕ್ಕೇ ನಿಲ್ಲಿಸಿದ್ವಿ."

ಕರು ಅಂದು ರಾತ್ರಿಯೇ ಹೋಯಿತು. ತಪ್ಪು ಅಜ್ಜಿಯದಲ್ಲ. ಅವರಿಗೆ ಅವರ ಅತ್ತೆ ಹೇಳಿಕೊಟ್ಟಿದ್ದನ್ನೇ ಮಾಡಿದ್ದರು. ಹೇಳಬೇಕಾದ ನಾನು ಹೇಳದೆ ಬಂದಿದ್ದೆ.

ಕರುವಿಗೆ ಹುಟ್ಟುವಾಗ ರಕ್ಷಣೆ ಇರುವುದಿಲ್ಲ

ಮನುಷ್ಯರ ಮಗು ಹುಟ್ಟುವಾಗಲೇ ತಾಯಿಯ ರಕ್ತದಿಂದ ಒಂದಷ್ಟು ಪ್ರತಿಕಾಯಗಳನ್ನು ಪಡೆದು ಬಂದಿರುತ್ತದೆ. ಪ್ರತಿಕಾಯ ಎಂದರೆ ರೋಗಾಣುಗಳನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನು. ಗರ್ಭದಲ್ಲಿರುವಾಗಲೇ ಅದು ಕಸದ ಮೂಲಕ ದಾಟಿ ಮಗುವಿಗೆ ಸೇರುತ್ತದೆ.

ಹಸು, ಎಮ್ಮೆ, ಕುರಿ, ಮೇಕೆಗಳಲ್ಲಿ ಹಾಗಾಗುವುದಿಲ್ಲ. ಅವುಗಳ ಕಸದ ರಚನೆಯೇ ಬೇರೆ. ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಪದರಗಳು ಹೆಚ್ಚು. ಆಹಾರದ ಅಂಶ ದಾಟುತ್ತದೆ, ಪ್ರತಿಕಾಯದಂಥ ದೊಡ್ಡ ಪ್ರೋಟೀನು ದಾಟುವುದಿಲ್ಲ. ಹಾಗಾಗಿ ಆಗ ತಾನೇ ಹುಟ್ಟಿದ ಕರುವಿನ ರಕ್ತದಲ್ಲಿ ಪ್ರತಿಕಾಯ ಇಲ್ಲವೆಂದೇ ಹೇಳಬಹುದು. ಕರು ನೆಲಕ್ಕೆ ಬೀಳುವ ಕೊಟ್ಟಿಗೆಯಲ್ಲಿ ಮಾತ್ರ ರೋಗಾಣುಗಳು ಬೇಕಾದಷ್ಟಿರುತ್ತವೆ.

ತಾಯಿ ಇದಕ್ಕೆ ಬೇರೆ ದಾರಿಯಲ್ಲಿ ಏರ್ಪಾಡು ಮಾಡಿರುತ್ತಾಳೆ. ಕರು ಹಾಕುವ ಕೊನೆಯ ಕೆಲವು ವಾರಗಳಲ್ಲಿ ತನ್ನ ರಕ್ತದ ಪ್ರತಿಕಾಯಗಳನ್ನು ಕೆಚ್ಚಲಿಗೆ ಸಾಗಿಸಿ ಕೂಡಿಡುತ್ತಾಳೆ. ಇದರಲ್ಲಿ ಮುಖ್ಯವಾದದ್ದು ಇಮ್ಯುನೋಗ್ಲಾಬ್ಯುಲಿನ್-ಜಿ, ಚಿಕ್ಕದಾಗಿ ಐಜಿಜಿ. ಒಳ್ಳೆಯ ಗಿಣ್ಣದ ಹಾಲಿನಲ್ಲಿ ಲೀಟರಿಗೆ 50 ಗ್ರಾಂ ಅಥವಾ ಅದಕ್ಕೂ ಹೆಚ್ಚು ಐಜಿಜಿ ಇರುತ್ತದೆ. ನಾವು ಡೇರಿಗೆ ಹಾಕುವ ಮಾಮೂಲಿ ಹಾಲಿನಲ್ಲಿ ಲೀಟರಿಗೆ ಒಂದು ಗ್ರಾಮೂ ಇರುವುದಿಲ್ಲ.

ಕರುಳಿನ ಕೋಶ ನುಂಗುತ್ತದೆ

ಈಗ ಮುಖ್ಯ ಪ್ರಶ್ನೆ. ಪ್ರೋಟೀನು ಹೊಟ್ಟೆಗೆ ಹೋದರೆ ಜೀರ್ಣವಾಗಬೇಕು. ನಾವು ತಿಂದ ಬೇಳೆ, ಮೊಟ್ಟೆ ಎಲ್ಲವೂ ಹೊಟ್ಟೆಯಲ್ಲಿ ಚೂರು ಚೂರಾಗಿಯೇ ರಕ್ತಕ್ಕೆ ಸೇರುವುದು. ಐಜಿಜಿಯೂ ಹಾಗೆ ಚೂರಾದರೆ ಪ್ರತಿಕಾಯವಾಗಿ ಉಳಿಯುವುದಿಲ್ಲ. ಹಾಗಾದರೆ ಅದು ಇಡಿಯಾಗಿ ಕರುವಿನ ರಕ್ತಕ್ಕೆ ಸೇರುವುದು ಹೇಗೆ?

ಹುಟ್ಟಿದ ಮೊದಲ ಗಂಟೆಗಳಲ್ಲಿ ಕರುವಿನ ಹೊಟ್ಟೆಯಲ್ಲಿ ಆಮ್ಲ ಬಹಳ ಕಡಿಮೆ. ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವ ವಸ್ತುವೂ ಗಿಣ್ಣದ ಹಾಲಿನಲ್ಲೇ ಇರುತ್ತದೆ. ಹೀಗಾಗಿ ಐಜಿಜಿಯ ಬಹುಭಾಗ ಕೆಡದೆ ಸಣ್ಣ ಕರುಳನ್ನು ತಲುಪುತ್ತದೆ.

ಅಲ್ಲಿ ಕರುಳಿನ ಒಳಗೋಡೆಯ ಕೋಶಗಳು ಮುಂದೆಂದೂ ಮಾಡದ ಒಂದು ಕೆಲಸ ಮಾಡುತ್ತವೆ. ಕೋಶದ ಮೇಲ್ಪದರ ಒಳಕ್ಕೆ ತಗ್ಗಾಗಿ, ಎದುರಿಗಿರುವ ಹಾಲಿನ ದ್ರವವನ್ನು ಪ್ರೋಟೀನು ಸಮೇತ ಚೀಲದಂತೆ ಸುತ್ತಿಕೊಂಡು ನುಂಗುತ್ತದೆ. ಆ ಪುಟ್ಟ ಚೀಲಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ, ಕೋಶದ ಒಳಗೇ ಸಾಗಿ, ಹಿಂಬದಿಯಲ್ಲಿ ತೆರೆದುಕೊಂಡು ಹೊತ್ತದ್ದನ್ನು ಸುರಿಯುತ್ತವೆ. ಹಾಗೆ ಸುರಿದ ಐಜಿಜಿ ನೇರವಾಗಿ ರಕ್ತಕ್ಕೆ ಹೋಗದೆ ದುಗ್ಧನಾಳಗಳಿಗೆ ಸೇರಿ, ಅಲ್ಲಿಂದ ರಕ್ತಕ್ಕೆ ಬರುತ್ತದೆ. ಈ ದಾರಿಯನ್ನು ವಿಜ್ಞಾನಿಗಳು 1951ರಲ್ಲೇ ಕರುಗಳಲ್ಲಿ ತೋರಿಸಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇಲಿಮರಿಯ ಕರುಳು ಪ್ರತಿಕಾಯವನ್ನು ಗುರುತು ಹಿಡಿದು ಆರಿಸಿ ತೆಗೆದುಕೊಳ್ಳುತ್ತದೆ, ಅದೂ ಸುಮಾರು ಮೂರು ವಾರದವರೆಗೆ. ಕರುವಿನ ಕರುಳಿಗೆ ಆ ಆಯ್ಕೆ ಇಲ್ಲ. ಎದುರಿಗೆ ಬಂದದ್ದನ್ನೆಲ್ಲ ನುಂಗುತ್ತದೆ. ಹಾಲಿಗಿಂತ ಮೊದಲು ಸಗಣಿ ಮೆತ್ತಿದ ಮೊಲೆ ಬಾಯಿಗೆ ಸಿಕ್ಕರೆ ರೋಗಾಣುವಿಗೂ ಇದೇ ದಾರಿ. ಬ್ಯಾಕ್ಟೀರಿಯಾ ತುಂಬಿದ ಹಾಲು ಕುಡಿದ ಕರು ಐಜಿಜಿಯನ್ನೂ ಕಡಿಮೆ ಹೀರುತ್ತದೆ. ಕೆಚ್ಚಲು ತೊಳೆದು ಒರೆಸಿ ಎಂದು ನಾವು ಪದೇ ಪದೇ ಹೇಳುವುದು ಇದಕ್ಕೇ.

ಬಾಗಿಲು ಮುಚ್ಚುವ ಹೊತ್ತು

ಈ ನುಂಗುವ ಕೆಲಸ ಬಹಳ ಹೊತ್ತು ನಡೆಯುವುದಿಲ್ಲ. ಹುಟ್ಟಿದ ಕೂಡಲೇ ಅದು ಅತಿ ಚುರುಕು. ಮೊದಲ 4ರಿಂದ 6 ಗಂಟೆ ಚೆನ್ನಾಗಿರುತ್ತದೆ. ಆಮೇಲೆ ಗಂಟೆಗಂಟೆಗೂ ಇಳಿಯುತ್ತಾ, ಸುಮಾರು 24 ಗಂಟೆಗೆ ನಿಂತೇಹೋಗುತ್ತದೆ. ಅಷ್ಟರಲ್ಲಿ ಕೋಶಗಳು ಬಲಿತಿರುತ್ತವೆ. ನುಂಗುವ ಹಳೆಯ ಕೋಶಗಳ ಜಾಗಕ್ಕೆ ಜೀರ್ಣಿಸುವ ಹೊಸ ಕೋಶಗಳು ಬರುತ್ತವೆ. ಹೊಟ್ಟೆಯಲ್ಲಿ ಆಮ್ಲವೂ ಹೆಚ್ಚುತ್ತದೆ. ಇದನ್ನು ನಾವು "ಕರುಳು ಮುಚ್ಚುವುದು" ಎನ್ನುತ್ತೇವೆ. ಮುಚ್ಚಿದ ಮೇಲೆ ಕೊಡಗಟ್ಟಲೆ ಗಿಣ್ಣದ ಹಾಲು ಕುಡಿಸಿದರೂ ಅದರ ಪ್ರತಿಕಾಯ ರಕ್ತಕ್ಕೆ ಸೇರದು.

ಒಂದು ಲೆಕ್ಕ ನೋಡಿ. ಕರು 30 ಕಿಲೋ ಇದೆ, ಹಾಲಿನಲ್ಲಿ ಲೀಟರಿಗೆ 50 ಗ್ರಾಂ ಐಜಿಜಿ ಇದೆ ಎಂದಿಟ್ಟುಕೊಳ್ಳಿ. ಮೊದಲ ಎರಡು ಗಂಟೆಯೊಳಗೆ 3 ಲೀಟರ್ ಕುಡಿಸಿದರೆ ಒಳಗೆ ಹೋದದ್ದು 150 ಗ್ರಾಂ. ಅದರಲ್ಲಿ ಸುಮಾರು ಶೇ. 30ರಷ್ಟು ರಕ್ತಕ್ಕೆ ಸೇರಿದರೆ 45 ಗ್ರಾಂ. ಈ ತೂಕದ ಕರುವಿನ ಮೈಯಲ್ಲಿ ರಕ್ತದ ನೀರಿನ ಭಾಗ ಹೆಚ್ಚುಕಡಿಮೆ 2.7 ಲೀಟರ್. ಅಂದರೆ ಲೀಟರಿಗೆ 16 ಗ್ರಾಂ ಸಿಕ್ಕಿತು. ಕರು ಸುರಕ್ಷಿತ ಎನ್ನಲು ಕನಿಷ್ಠ 10 ಗ್ರಾಂ ಬೇಕು. ಈ ಕರು ಪಾಸು.

ಅದೇ ಹೊತ್ತಿಗೆ ಒಂದೇ ಲೀಟರ್ ಕುಡಿಸಿದರೆ? ಸೇರುವುದು 15 ಗ್ರಾಂ, ಲೀಟರಿಗೆ ಐದೂವರೆ. ಫೇಲು. ಮೂರು ಲೀಟರನ್ನೇ ಹನ್ನೆರಡು ಗಂಟೆ ತಡವಾಗಿ ಕುಡಿಸಿದರೆ? ಹೀರುವ ಶಕ್ತಿ ಅರ್ಧಕ್ಕೆ ಇಳಿದಿದೆ ಎಂದರೂ ಲೀಟರಿಗೆ 8 ಗ್ರಾಂ. ಅದೂ ಫೇಲು. ತಿಪಟೂರಿನ ಆ ಕರುವಿಗೆ ತಡವೂ ಆಗಿತ್ತು, ಹಾಲೂ ಸಾಲದಾಗಿತ್ತು.

ಇದು ಬರೀ ಕಾಗದದ ಲೆಕ್ಕವಲ್ಲ. ದನಗಳಿಗೆ ಉಣ್ಣೆಯಿಂದ ಜ್ವರ ಹರಡುತ್ತದೆ ಎಂದು 1893ರಲ್ಲಿ ತೋರಿಸಿಕೊಟ್ಟ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಅವರ ಹೆಸರು ಪಶುವೈದ್ಯರಿಗೆಲ್ಲ ಪರಿಚಿತ. ಅವರೇ ರಾಲ್ಫ್ ಲಿಟಲ್ ಜೊತೆ ಪ್ರಿನ್ಸ್‌ಟನ್ನಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಮಾಡಿದ ಪ್ರಯೋಗವನ್ನು 1922ರಲ್ಲಿ ಪ್ರಕಟಿಸಿದರು. ಕೆಲವು ಕರುಗಳಿಗೆ ಗಿಣ್ಣದ ಹಾಲು ಕೊಟ್ಟರು, ಕೆಲವಕ್ಕೆ ಕೊಡದೆ ಮಾಮೂಲಿ ಹಾಲಿನಲ್ಲೇ ಸಾಕಿದರು. ಗಿಣ್ಣದ ಹಾಲು ಸಿಗದ ಕರುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು. ಸಿಕ್ಕ ಕರುಗಳು ಉಳಿದವು.

ಇನ್ನೊಂದು ಪ್ರೋಟೀನು: ಲ್ಯಾಕ್ಟೋಫೆರಿನ್

"ಹಾಗಾದರೆ ಒಂದು ದಿನ ಕಳೆದ ಮೇಲೆ ಗಿಣ್ಣದ ಹಾಲು ಕುಡಿಸಿ ಪ್ರಯೋಜನವಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಪ್ರಯೋಜನವಿದೆ. ಎರಡು ಕಾರಣ.

ಒಂದು, ರಕ್ತಕ್ಕೆ ಸೇರದ ಐಜಿಜಿ ಕರುಳಿನೊಳಗೇ ಕಾವಲು ಕಾಯುತ್ತದೆ. ಮೊದಲ ನಾಲ್ಕೈದು ದಿನಗಳಲ್ಲಿ ಬರುವ ಇ. ಕೋಲೈ ಭೇದಿಯ ರೋಗಾಣು ಕರುಳಿನ ಕೋಶಕ್ಕೆ ಅಂಟಿಕೊಂಡರೆ ಮಾತ್ರ ಕೆಡುಕು ಮಾಡಬಲ್ಲದು. ಪ್ರತಿಕಾಯ ಮೊದಲೇ ಅದಕ್ಕೆ ಮೆತ್ತಿಕೊಂಡರೆ ಅದು ಅಂಟಲಾರದು.

ಎರಡನೆಯದು ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು. ಕಬ್ಬಿಣವನ್ನು ಹಿಡಿದುಕೊಂಡಾಗ ಇದು ಕೆಂಪಗಿರುತ್ತದೆ. ಹಸುವಿನ ಹಾಲಿನಲ್ಲಿ ಇಂಥದ್ದೊಂದು ಕೆಂಪು ಪ್ರೋಟೀನು ಇದೆ ಎಂದು 1939ರಲ್ಲಿ ವರದಿಯಾಯಿತು. ಮಾಮೂಲಿ ಹಾಲಿಗಿಂತ ಗಿಣ್ಣದ ಹಾಲಿನಲ್ಲಿ ಇದು ಹಲವು ಪಟ್ಟು ಹೆಚ್ಚು. ಕಬ್ಬಿಣ ಬೇಕಾದ ರೋಗಾಣುಗಳಿಗೆ ಅದು ಸಿಗದಂತೆ ಮಾಡುವುದು ಇದರ ಒಂದು ಕೆಲಸ. ಕರುಳಿನ ಕೋಶಗಳಿಗೆ ಸೂಚನೆ ಕೊಡುವುದು ಇನ್ನೊಂದು. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಕರುಳಿನ ಕೋಶಗಳಿಗೆ ಲ್ಯಾಕ್ಟೋಫೆರಿನ್ ಹೆಚ್ಚು ಹಾಕಿದಾಗ ಅವು ಒಡೆದು ಒಡೆದು ಸಂಖ್ಯೆಯಲ್ಲಿ ಹೆಚ್ಚಿದವು. ಕಡಿಮೆ ಹಾಕಿದಾಗ ಹೆಚ್ಚುವುದರ ಬದಲು ಬಲಿತು, ಸಕ್ಕರೆ ಜೀರ್ಣಿಸುವ ಕಿಣ್ವಗಳನ್ನು ತಯಾರಿಸತೊಡಗಿದವು. ಮೊದಲ ದಿನದ ಹಾಲಿನಲ್ಲಿ ಲ್ಯಾಕ್ಟೋಫೆರಿನ್ ಹೆಚ್ಚು, ದಿನ ಕಳೆದಂತೆ ಕಡಿಮೆ ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೊದಲು ಕೋಶ ಬೆಳೆಯಲಿ, ಆಮೇಲೆ ಕೆಲಸ ಕಲಿಯಲಿ ಎನ್ನುವಂತಿದೆ.

ಬಟ್ಟಲಿನಲ್ಲಿ ಬೆಳೆಸಿದ ಕೋಶದ ಮಾತನ್ನು ಹಾಗೇ ಕೊಟ್ಟಿಗೆಗೆ ತರುವುದು ಸರಿಯಲ್ಲ. ಗಿಣ್ಣದ ಹಾಲಿನಲ್ಲಿ ಬೆಳವಣಿಗೆಗೆ ನೆರವಾಗುವ ಬೇರೆ ವಸ್ತುಗಳೂ ಇವೆ. ಆದರೆ ಕರುಗಳಲ್ಲೇ ನಡೆದ ಅಧ್ಯಯನಗಳೂ ಇದೇ ದಿಕ್ಕಿಗಿವೆ. ಮೊದಲ ಕೆಲವು ದಿನ ಗಿಣ್ಣದ ಹಾಲು ಕುಡಿದ ಕರುಗಳ ಕರುಳಿನ ಒಳಗಿನ ಬೆರಳಿನಂಥ ಎಳೆಗಳು ಹೆಚ್ಚು ಉದ್ದ ಬೆಳೆಯುತ್ತವೆ. ಆ ಎಳೆಗಳು ಉದ್ದವಾದಷ್ಟೂ ಹಾಲಿನ ಸಾರ ಹೀರುವ ಜಾಗ ಹೆಚ್ಚು. ಹಾಗಾಗಿ ಮೂರು ನಾಲ್ಕು ದಿನ ಅದೇ ಹಸುವಿನ ಹಾಲನ್ನೇ ಕುಡಿಸಿ.

ಕಸಕ್ಕೂ ಹಾಲಿಗೂ ಏನು ಸಂಬಂಧ?

ಕಸ ಬೀಳುವ ಮೊದಲು ಹಾಲು ಕರೆದರೆ ಕಸ ಒಳಗೇ ಉಳಿಯುತ್ತದೆ ಎಂಬ ನಂಬಿಕೆ ಎಷ್ಟೋ ಮನೆಗಳಲ್ಲಿದೆ. ನಿಜ ಅದಕ್ಕೆ ತಿರುಗಾಮುರುಗಾ. ಕರು ಮೊಲೆ ಚೀಪಿದಾಗ, ಕೈಯಿಂದ ಕರೆದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಡುತ್ತದೆ. ಸೊರೆ ಬಿಡಿಸುವುದೂ ಅದೇ, ಗರ್ಭಕೋಶವನ್ನು ಹಿಂಡುವುದೂ ಅದೇ. ಹಾಲು ಕರೆಯುವುದರಿಂದ ಕಸ ಬೀಳಲು ಸಹಾಯವೇ ಆಗುತ್ತದೆ.

ಸಾಮಾನ್ಯವಾಗಿ ಕಸ ಬೀಳಲು 8ರಿಂದ 12 ಗಂಟೆ ಹಿಡಿಯಬಹುದು. ಅಲ್ಲಿಯವರೆಗೆ ಕಾದರೆ ಕರುಳು ಅತಿ ಚುರುಕಾಗಿದ್ದ ಹೊತ್ತೆಲ್ಲ ಕಳೆದುಹೋಯಿತು. ಹನ್ನೆರಡು ಗಂಟೆ ಮೀರಿಯೂ ಕಸ ಬೀಳದಿದ್ದರೆ ವೈದ್ಯರಿಗೆ ಹೇಳಿ. ಕೈ ಹಾಕಿ ಎಳೆಯುವುದಾಗಲಿ, ಭಾರ ಕಟ್ಟುವುದಾಗಲಿ ಮಾಡಬೇಡಿ.

"ಜಾಸ್ತಿ ಕುಡಿದರೆ ಭೇದಿ" ಎಂಬುದೂ ಹಾಗೆಯೇ. ಗಿಣ್ಣದ ಹಾಲು ಕುಡಿದ ಕರು ಕಪ್ಪಗೆ ಅಂಟಂಟಾಗಿದ್ದ ಮೊದಲ ಸಗಣಿಯನ್ನು ಹೊರಹಾಕುತ್ತದೆ, ಆಮೇಲೆ ಹಳದಿಯಾಗಿ ಮೆತ್ತಗೆ ಹಾಕುತ್ತದೆ. ಅದು ಭೇದಿಯಲ್ಲ.

ಅಡುಗೆಮನೆಯ ಗಿಣ್ಣು

ಮಾಮೂಲಿ ಹಾಲನ್ನು ಇಡ್ಲಿ ಪಾತ್ರೆಯಲ್ಲಿಟ್ಟು ಎಷ್ಟು ಬೇಯಿಸಿದರೂ ಅದು ಹಾಲಾಗಿಯೇ ಇರುತ್ತದೆ. ಗಿಣ್ಣದ ಹಾಲು ಮಾತ್ರ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ತಾನೇ ಗಟ್ಟಿಯಾಗುತ್ತದೆ. ಹೆಪ್ಪೂ ಬೇಡ, ಹುಳಿಯೂ ಬೇಡ. ಯಾಕೆ? ಅದರಲ್ಲಿ ತುಂಬಿಕೊಂಡಿರುವ ಐಜಿಜಿಯಂಥ ಪ್ರೋಟೀನುಗಳು ಬಿಸಿಗೆ ಹೆಪ್ಪುಗಟ್ಟುತ್ತವೆ, ಮೊಟ್ಟೆಯ ಬಿಳಿಭಾಗದ ಹಾಗೆ. ಗಿಣ್ಣು ಗಟ್ಟಿಯಾಗಲು ಬೇಕಾದದ್ದೂ ಕರು ಬದುಕಲು ಬೇಕಾದದ್ದೂ ಒಂದೇ ಪ್ರೋಟೀನು. ತಟ್ಟೆಯಲ್ಲಿ ಗಿಣ್ಣು ಎಷ್ಟು ಗಟ್ಟಿಯಾಗಿ ನಿಂತಿದೆಯೋ ಅಷ್ಟು ಒಳ್ಳೆಯ ಹಾಲು ಕರುವಿನ ಪಾಲಿನದು.

ಗಿಣ್ಣು ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ನನಗೂ ಇಷ್ಟ. ಮೊದಲ ಹಾಲಿನಲ್ಲಿ ಕರುವಿಗೆ ಬೇಕಾದಷ್ಟು ಕುಡಿಸಿ, ಎರಡನೇ ಸಲಕ್ಕೂ ತೆಗೆದಿಟ್ಟು, ಮಿಕ್ಕಿದರೆ ಮಾಡಿ. ಎರಡನೇ ದಿನದ ಹಾಲಿನಲ್ಲೂ ಗಿಣ್ಣಾಗುತ್ತದೆ, ಸ್ವಲ್ಪ ಮೆತ್ತಗಿರುತ್ತದೆ ಅಷ್ಟೆ.

ಮಾಡಬೇಕಾದದ್ದು

1. ಗಬ್ಬದ ಹಸುವಿಗೆ ಕರು ಹಾಕುವ ಎರಡು ತಿಂಗಳ ಮೊದಲೇ ಹಾಲು ಬತ್ತಿಸಿ. ಕೆಚ್ಚಲು ಬಿಗಿದಿದೆ ಎಂದು ಕರು ಹಾಕುವ ಮೊದಲೇ ಕರೆದರೆ ಕೂಡಿಟ್ಟ ಪ್ರತಿಕಾಯ ಹೊರಟುಹೋಗುತ್ತದೆ.

2. ತುಂಬು ಗಬ್ಬದ ಹಸುವನ್ನು ಕೊಳ್ಳುವುದಾದರೆ ಕರು ಹಾಕುವ ಎರಡು ಮೂರು ದಿನ ಮುಂಚೆ ತರಬೇಡಿ. ಅದರ ಗಿಣ್ಣದ ಹಾಲಿನಲ್ಲಿ ಹಳೆಯ ಕೊಟ್ಟಿಗೆಯ ರೋಗಾಣುಗಳಿಗೆ ತಕ್ಕ ಪ್ರತಿಕಾಯ ಇರುತ್ತದೆ, ನಿಮ್ಮ ಕೊಟ್ಟಿಗೆಯವಕ್ಕೆ ಇರುವುದಿಲ್ಲ.

3. ಕರು ಹುಟ್ಟಿದ ಕೂಡಲೇ ಮೂಗು-ಬಾಯಿ ಒರೆಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಕೆಚ್ಚಲು ತೊಳೆದು ಒರೆಸಿ. ಒಂದು ಗಂಟೆಯೊಳಗೆ ಮೊದಲ ಹಾಲು ಒಳಗೆ ಹೋಗಬೇಕು.

4. ಕರುವಿನ ತೂಕದ ಹತ್ತನೇ ಒಂದು ಭಾಗ ಹಾಲು ಕೊಡಿ. 25 ಕಿಲೋ ಕರುವಿಗೆ ಎರಡೂವರೆ ಲೀಟರ್, 30 ಕಿಲೋ ಕರುವಿಗೆ 3 ಲೀಟರ್. ಒಂದೇ ಸಲ ಕುಡಿಯದಿದ್ದರೆ ಮೊದಲ ನಾಲ್ಕು ಗಂಟೆಯೊಳಗೆ ಎರಡು ಸಲ ಮಾಡಿ. 8ರಿಂದ 12 ಗಂಟೆ ಕಳೆದ ಮೇಲೆ ಇದರ ಅರ್ಧದಷ್ಟು ಮತ್ತೆ ಕುಡಿಸಿ. ಗಂಡುಗರುವಿಗೂ ಇದೇ ಲೆಕ್ಕ.

5. ಕರು ತಾನೇ ಚೀಪಿದರೆ ಎಷ್ಟು ಕುಡಿಯಿತು ಎಂಬುದು ತಿಳಿಯುವುದಿಲ್ಲ. ಅಳೆದು, ನಿಪ್ಪಲ್ ಬಾಟಲಿಯಲ್ಲಿ ಕುಡಿಸುವುದು ಒಳ್ಳೆಯದು. ಗೊಟ್ಟದಲ್ಲಿ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಚೀಪಲಾರದ ಕರುವಿಗೆ ಕೊಳವೆಯಿಂದ ಕುಡಿಸಲು ವೈದ್ಯರನ್ನು ಕರೆಯಿರಿ.

6. ಹಾಲು ದಪ್ಪಗಿದ್ದ ಮಾತ್ರಕ್ಕೆ ಒಳ್ಳೆಯದೆನ್ನಲಾಗದು. ದ್ರಾಕ್ಷಿ, ಕಬ್ಬು ಬೆಳೆಗಾರರು ಸಿಹಿ ನೋಡಲು ಇಟ್ಟುಕೊಳ್ಳುವ ಬ್ರಿಕ್ಸ್ ಮೀಟರ್ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಗಾಜಿನ ಮೇಲೆ ಒಂದೆರಡು ಹನಿ ಗಿಣ್ಣದ ಹಾಲು ಬಿಟ್ಟು ನೋಡಿ. 22 ಅಥವಾ ಮೇಲೆ ತೋರಿಸಿದರೆ ಒಳ್ಳೆಯ ಹಾಲು. ಕಡಿಮೆ ಇದ್ದರೆ ಹೆಚ್ಚು ಕುಡಿಸಿ, ಅಥವಾ ಬೇರೆ ಹಸುವಿನದನ್ನು ಕೊಡಿ.

7. ಆರೋಗ್ಯವಂತ ಹಸುವಿನ ಮಿಕ್ಕ ಮೊದಲ ಹಾಲನ್ನು ಒಂದೊಂದು ಲೀಟರಿನ ಶುದ್ಧ ಬಾಟಲಿ ಅಥವಾ ಚೀಲದಲ್ಲಿ ಫ್ರೀಜರಿನಲ್ಲಿಡಿ. ಒಂದು ವರ್ಷದವರೆಗೆ ಬಳಸಬಹುದು. ತಾಯಿ ಸತ್ತರೆ, ಕೆಚ್ಚಲುಬಾವು ಆದರೆ ಅದೇ ಆಧಾರ. ಕರಗಿಸಲು ಕೈಗೆ ತಡೆಯುವಷ್ಟು ಬಿಸಿಯ ನೀರಿನಲ್ಲಿಡಿ. ಒಲೆಯ ಮೇಲಿಟ್ಟರೆ ಗಿಣ್ಣಾಗುತ್ತದೆ, ಕರುವಿಗೆ ಉಪಯೋಗವಿಲ್ಲ.

8. ಗಿಣ್ಣದ ಹಾಲೇ ಇಲ್ಲದಾಗ ಕೊಡುವ ಮೊಟ್ಟೆ-ಹರಳೆಣ್ಣೆ ಮಿಶ್ರಣ ಪೋಷಣೆ ಕೊಟ್ಟೀತು, ಹಸುವಿನ ಪ್ರತಿಕಾಯ ಕೊಡಲಾರದು. ಮೊದಲು ಅಕ್ಕಪಕ್ಕದಲ್ಲಿ ಆಗ ತಾನೇ ಕರು ಹಾಕಿದ, ರೋಗವಿಲ್ಲದ ಹಸು ಇದೆಯೇ ವಿಚಾರಿಸಿ.

ಎಮ್ಮೆ ಕರುವಿಗೂ ಇದೇ ಮಾತು. ಕುರಿ-ಮೇಕೆ ಮರಿಗಳಿಗೂ ಹೊತ್ತಿನ ಲೆಕ್ಕ ಇದೇ, ಹಾಲಿನ ಅಳತೆ ಮಾತ್ರ ಅವುಗಳ ತೂಕಕ್ಕೆ ತಕ್ಕಂತೆ.

ಆ ಘಟನೆಯ ಮರುವರ್ಷ ಅದೇ ಹಸು ಮತ್ತೆ ಕರು ಹಾಕಿತು. ಈ ಸಲ ಕಷ್ಟವೇನೂ ಆಗಲಿಲ್ಲ, ನಾನು ಹೋಗಬೇಕಾಗಿಯೂ ಬರಲಿಲ್ಲ. ಆದರೂ ವಿಷಯ ತಿಳಿದ ಕೂಡಲೇ ಹೋದೆ. ಕಸ ಇನ್ನೂ ನೇತಾಡುತ್ತಿತ್ತು. ಅಜ್ಜಿಯ ಎದುರಿಗೇ ಹಾಲು ಕರೆದು, ಅಳೆದು, ಕರುವಿಗೆ ಕುಡಿಸಿದೆ. ಅವರು ಏನೂ ಮಾತಾಡಲಿಲ್ಲ, ಆದರೆ ಮುಖ ನೋಡಿದರೆ ನಂಬಿಕೆ ಬಂದಿರಲಿಲ್ಲ. ಮೂರು ಗಂಟೆ ಬಿಟ್ಟು ಕಸ ಬಿತ್ತು. ಕರು ಉಳಿಯಿತು. ಗಿಣ್ಣು ಎರಡನೇ ದಿನ ಮಾಡಿದರು. ಮೆತ್ತಗಿತ್ತು, ಚೆನ್ನಾಗಿಯೇ ಇತ್ತು.